ಕಸದ ಮುಖವನ್ನೇ ನೋಡದ ಗಾರ್ಬೇಜ್ ಕಲೆಕ್ಟರ್

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಕೆಲವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಸಿಲಬಸ್‌ನಲ್ಲಿ ಗಾರ್ಬೇಜ್ ಕಲೆಕ್ಷನ್‌ಗೆ, ಅಂದರೆ ಪ್ರೋಗ್ರಾಂಗೆ ಬೇಡವಾದ ಮೆಮರಿಯನ್ನು ತಾನಾಗಿ ವಾಪಸ್ ಪಡೆಯುವ ಕೆಲಸಕ್ಕೆ (ಚಿಕ್ಕದಾಗಿ ಜಿಸಿ), ಎರಡು ಸಾಲು ಸಿಗುತ್ತದೆ. ಜಾವಾದಲ್ಲಿ ಮೆಮರಿಯನ್ನು ನಾವು ವಾಪಸ್ ಕೊಡಬೇಕಾಗಿಲ್ಲ, ರನ್‌ಟೈಮ್, ಅಂದರೆ ಪ್ರೋಗ್ರಾಂ ಅನ್ನು ಓಡಿಸುವ ವ್ಯವಸ್ಥೆ, ತಾನೇ ನೋಡಿಕೊಳ್ಳುತ್ತದೆ ಅಂತ. ಅದು ಸುಳ್ಳೇನಲ್ಲ. ಆದರೆ ಅದನ್ನು ಓದಿದವರ ತಲೆಯಲ್ಲಿ ಒಂದು ಚಿತ್ರ ಕೂತುಬಿಡುತ್ತದೆ. ನಾವು ಬಿಸಾಡಿದ್ದನ್ನು ಯಾರೋ ಹಿಂದಿನಿಂದ ಬಂದು ಒಂದೊಂದಾಗಿ ಹೆಕ್ಕಿಕೊಂಡು ಹೋಗುತ್ತಾರೆ ಅನ್ನುವ ಚಿತ್ರ. ಅದು ಪೂರ್ತಿ ಉಲ್ಟಾ. ಈಗಿನ ಬಹುಪಾಲು ಕಲೆಕ್ಟರ್‌ಗಳು ಕಸವನ್ನು ಹುಡುಕುವುದೇ ಇಲ್ಲ. ಬದುಕಿರುವುದನ್ನು ಹುಡುಕುತ್ತವೆ, ಮಿಕ್ಕಿದ್ದನ್ನೆಲ್ಲ ಕಸ ಅಂತ ಲೆಕ್ಕ ಹಾಕುತ್ತವೆ. ಹಾಗಾಗಿ ನೀವು ಎಷ್ಟು ಬಿಸಾಡಿದಿರಿ ಅನ್ನುವುದಕ್ಕಿಂತ ಎಷ್ಟನ್ನು ಹಿಡಿದಿಟ್ಟುಕೊಂಡಿದ್ದೀರಿ ಅನ್ನುವುದೇ ಜಿಸಿಯ ಖರ್ಚನ್ನು ನಿರ್ಧರಿಸುತ್ತದೆ. ಇವತ್ತು ನನಗೆ ಹೇಳಬೇಕಾಗಿರುವುದು ಇದೊಂದೇ. ಉಳಿದ ಮಾತೆಲ್ಲ ಇದರ ಹಿಂದೆ ಬರುತ್ತದೆ.

ಒಂದು ಪ್ರೋಗ್ರಾಂ ಇಟ್ಟುಕೊಳ್ಳೋಣ. ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ ಹುಡುಕಿಕೊಡುವ ವೆಬ್‌ಸೈಟು, ಜಾವಾದಲ್ಲಿ ಬರೆದದ್ದು. ನೀವು ತಾರೀಖು ಹಾಕಿ ಬಟನ್ ಒತ್ತುತ್ತೀರಿ. ಸರ್ವರ್ ಒಳಗೆ ಆಗ ಏನೆಲ್ಲ ಹುಟ್ಟುತ್ತದೆ ನೋಡಿ. ನೀವು ಕಳಿಸಿದ ಅಕ್ಷರಗಳಿಗೆ ಒಂದಷ್ಟು ಸ್ಟ್ರಿಂಗ್. ಡೇಟಾಬೇಸ್‌ನಿಂದ ಬಂದ ಪ್ರತಿ ಬಸ್ಸಿಗೆ ಒಂದು ಆಬ್ಜೆಕ್ಟ್, ಅಂದರೆ ಅದರ ಮಾಹಿತಿ ತುಂಬಿದ ಮೆಮರಿಯ ಒಂದು ತುಂಡು. ಪ್ರತಿ ಸೀಟಿಗೆ ಒಂದು. ಅವನ್ನೆಲ್ಲ ಜೋಡಿಸಿದ ಪಟ್ಟಿ. ಆ ಪಟ್ಟಿಯನ್ನು ನಿಮಗೆ ಕಳಿಸಲು ಜೇಸನ್ ಅನ್ನುವ ಪಠ್ಯರೂಪಕ್ಕೆ ತರಲು ಮತ್ತೆ ಸ್ಟ್ರಿಂಗ್‌ಗಳು. ಒಂದು ಹುಡುಕಾಟಕ್ಕೆ ಸಾವಿರಾರು ಆಬ್ಜೆಕ್ಟ್ ಆಗುವುದು ಮಾಮೂಲು. ಉತ್ತರ ನಿಮ್ಮ ಮೊಬೈಲಿಗೆ ಹೋದ ಮೇಲೆ ಅವು ಯಾವುವೂ ಯಾರಿಗೂ ಬೇಡ.

ಸಿ ಭಾಷೆಯಲ್ಲಾದರೆ ಮ್ಯಾಲಕ್ ಮಾಡಿ ಪಡೆದ ಮೆಮರಿಯನ್ನು ನೀವೇ ಫ್ರೀ ಮಾಡಬೇಕು. ಮರೆತರೆ ಮೆಮರಿ ಸೋರುತ್ತದೆ. ಫ್ರೀ ಮಾಡಿದ್ದನ್ನು ಮತ್ತೆ ಮುಟ್ಟಿದರೆ ಪ್ರೋಗ್ರಾಂ ಯಾವಾಗ, ಎಲ್ಲಿ ಬೀಳುತ್ತದೋ ದೇವರೇ ಬಲ್ಲ. ಜಾವಾ, ಸಿ ಶಾರ್ಪ್, ಗೋ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಈ ತಲೆನೋವನ್ನು ರನ್‌ಟೈಮ್ ತನ್ನ ಮೇಲೆ ಹಾಕಿಕೊಳ್ಳುತ್ತದೆ.

ಜಾವಾದಲ್ಲಿ ಆಬ್ಜೆಕ್ಟ್ ಹುಟ್ಟಿಸುವುದು ತುಂಬಾ ಸಲೀಸು. ಆಬ್ಜೆಕ್ಟ್‌ಗಳು ಇರುವ ಮೆಮರಿಯನ್ನು ಹೀಪ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಥ್ರೆಡ್‌ಗೂ, ಅಂದರೆ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಪ್ರತಿ ಕೆಲಸದ ಎಳೆಗೂ, ಒಂದೊಂದು ತುಂಡು ಜಾಗ ಮೊದಲೇ ಕೊಟ್ಟಿರುತ್ತದೆ. ‘ನ್ಯೂ’ ಅಂದಾಗ ಆ ತುಂಡಿನಲ್ಲಿ ಖಾಲಿ ಜಾಗ ಎಲ್ಲಿಂದ ಶುರು ಅನ್ನುವ ಗುರುತನ್ನು ಆಬ್ಜೆಕ್ಟ್‌ನ ಅಳತೆಯಷ್ಟು ಮುಂದೆ ಸರಿಸಿದರೆ ಆಯಿತು. ಬೇರೆ ಥ್ರೆಡ್‌ಗಳ ಜೊತೆ ಜಗಳವಿಲ್ಲ, ಬೀಗ ಹಾಕುವ ಗೋಜಿಲ್ಲ. ‘ನ್ಯೂ ದುಬಾರಿ’ ಅಂತ ಹೇಳಿಕೊಟ್ಟವರು ಯಾವುದೋ ಹಳೆಯ ಕಾಲದ ಮಾತು ಹೇಳಿದ್ದಾರೆ.

ಇನ್ನು ಯಾವುದು ಬದುಕಿದೆ ಅಂತ ತಿಳಿಯುವುದು ಹೇಗೆ? ಕಲೆಕ್ಟರ್ ಕೆಲವು ಖಚಿತ ಜಾಗಗಳಿಂದ ಶುರು ಮಾಡುತ್ತದೆ. ಇವನ್ನು ರೂಟ್ ಅನ್ನುತ್ತಾರೆ. ಈಗ ಓಡುತ್ತಿರುವ ಥ್ರೆಡ್‌ಗಳ ಸ್ಟ್ಯಾಕ್‌ನಲ್ಲಿರುವ ಲೋಕಲ್ ವೇರಿಯಬಲ್‌ಗಳು, ಸಾಮಾನ್ಯವಾಗಿ ಪ್ರೋಗ್ರಾಂ ಮುಗಿಯುವವರೆಗೂ ಇರುವ ಕ್ಲಾಸ್‌ಗಳ ಸ್ಟ್ಯಾಟಿಕ್ ಫೀಲ್ಡ್‌ಗಳು, ಇಂಥವು. ಅಲ್ಲಿಂದ ಒಂದೊಂದೇ ರೆಫರೆನ್ಸ್, ಅಂದರೆ ಇನ್ನೊಂದು ಆಬ್ಜೆಕ್ಟ್ ಎಲ್ಲಿದೆ ಅಂತ ತೋರಿಸುವ ಕೊಂಡಿ, ಹಿಡಿದು ನಡೆಯುತ್ತದೆ. ಕೈಗೆ ಸಿಕ್ಕ ಆಬ್ಜೆಕ್ಟ್‌ಗೆ ಗುರುತು ಹಾಕುತ್ತದೆ, ಅದರೊಳಗಿನ ರೆಫರೆನ್ಸ್ ಹಿಡಿದು ಮುಂದಕ್ಕೆ ಹೋಗುತ್ತದೆ. ದಾರಿ ಇದ್ದರೆ ಬದುಕಿದೆ. ದಾರಿ ಇಲ್ಲದಿದ್ದರೆ ಇಲ್ಲ. ಆ ಆಬ್ಜೆಕ್ಟ್ ನಿಮಗೆ ಮುಂದೆ ನಿಜವಾಗಿ ಬೇಕೋ ಬೇಡವೋ ಅನ್ನುವುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಮುಂದೆ ಬರುವ ಅರ್ಧ ಕಷ್ಟ ಇಲ್ಲೇ ಇದೆ.

ಈ ಉಪಾಯ ಹೊಸದಲ್ಲ. ಜಾನ್ ಮೆಕಾರ್ಥಿ ಎಂಐಟಿಯಲ್ಲಿ ಲಿಸ್ಪ್ ಭಾಷೆ ಕಟ್ಟುವಾಗ ಹುಡುಕಿಕೊಂಡದ್ದು. ಅವರ ಲೇಖನ 1960ರಲ್ಲಿ ಅಚ್ಚಾಯಿತು. ಪ್ರತಿ ಆಬ್ಜೆಕ್ಟ್‌ಗೂ ‘ನನ್ನನ್ನು ಎಷ್ಟು ಜನ ಹಿಡಿದಿದ್ದಾರೆ’ ಅಂತ ಎಣಿಕೆ ಇಡಬಹುದಿತ್ತು. ಆದರೆ ಅವರ ಐಬಿಎಂ 704 ಮಶೀನಿನ ಒಂದು ವರ್ಡ್ ಅಂದರೆ 36 ಬಿಟ್. ಎರಡು ವಿಳಾಸಗಳಿಗೆ ಹದಿನೈದು ಹದಿನೈದು ಹೋದರೆ ಉಳಿಯುವುದು 6 ಬಿಟ್, ಅವೂ ಒಂದೇ ಕಡೆ ಇರಲಿಲ್ಲ. ಎಣಿಕೆಗೆ ಜಾಗವೇ ಇಲ್ಲ. ಸರಿ, ಸುಮ್ನೆ ಬಿಟ್ಟುಬಿಡೋಣ, ಮೆಮರಿ ಪೂರ್ತಿ ಮುಗಿದಾಗ ಒಮ್ಮೆ ಎಲ್ಲವನ್ನೂ ನಿಲ್ಲಿಸಿ ಯಾವುದು ಬದುಕಿದೆ ನೋಡೋಣ ಅಂದರು. ಇದರ ಬಗ್ಗೆ ಅವರೇ ಬರೆದಿರುವ ಒಂದು ತಮಾಷೆ ಇದೆ. ಉದ್ಯಮದ ಮಂದಿಯನ್ನು ಕೂರಿಸಿ ಲಿಸ್ಪ್ ತೋರಿಸುತ್ತಿದ್ದಾಗ ನಡುವೆ ಮೆಮರಿ ಮುಗಿಯಿತು. ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುವ ಟೈಪ್‌ರೈಟರು, ಗಾರ್ಬೇಜ್ ಕಲೆಕ್ಟರ್ ಅನ್ನು ಕರೆಯಲಾಗಿದೆ, ಅದರ ಅಂಕಿಅಂಶ ಹೀಗಿದೆ ಅಂತ ನಿಧಾನಕ್ಕೆ ಕುಟ್ಟತೊಡಗಿತು. ಅದು ಕುಟ್ಟಿ ಮುಗಿಸುವಷ್ಟರಲ್ಲಿ ತೋರಿಸಲು ಕೊಟ್ಟ ಸಮಯವೇ ಮುಗಿಯುತ್ತಿತ್ತು. ಸಭೆ ನಕ್ಕು ನಕ್ಕು ಸುಸ್ತಾಯಿತಂತೆ. ಜಿಸಿ ಕೆಟ್ಟ ಗಳಿಗೆಯಲ್ಲಿ ಬಂದು ಎಲ್ಲರನ್ನೂ ಕಾಯಿಸುತ್ತದೆ ಅನ್ನುವ ದೂರು ಜಿಸಿಯಷ್ಟೇ ಹಳೆಯದು ಅನ್ನಿ.

ಎಣಿಕೆಯ ದಾರಿಯನ್ನು ಜಾರ್ಜ್ ಕಾಲಿನ್ಸ್ ಅದೇ 1960ರಲ್ಲಿ ಬರೆದರು. ಪೈಥಾನ್ ಕಲಿತವರಿಗೆ ಇದು ಹತ್ತಿರ. ನೀವು ಸಾಮಾನ್ಯವಾಗಿ ಬಳಸುವ ಸಿಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ನ ಒಳಗೂ ಒಂದು ಎಣಿಕೆ ಇದೆ. ಸೊನ್ನೆ ಆದ ಕೂಡಲೇ ಆಬ್ಜೆಕ್ಟ್ ಹೋಯಿತು. ಕಾಯುವ ಮಾತಿಲ್ಲ. ಕಷ್ಟ ಎಲ್ಲಿ ಅಂದರೆ, ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದು ಕೂತರೆ ಹೊರಗಿನವರು ಯಾರೂ ಹಿಡಿಯದಿದ್ದರೂ ಎರಡರ ಎಣಿಕೆಯೂ ಒಂದರಲ್ಲೇ ನಿಲ್ಲುತ್ತದೆ. ಅಪ್ಪನ ಬಳಿ ಮಗನ ರೆಫರೆನ್ಸ್, ಮಗನ ಬಳಿ ಅಪ್ಪನದು, ಇಂಥ ಕೋಡ್ ಎಲ್ಲೆಲ್ಲೂ ಇರುತ್ತದೆ ಅಲ್ವಾ? ಅದಕ್ಕೇ 2000ದಲ್ಲಿ ಬಂದ ಪೈಥಾನ್ 2.0ರಿಂದ ಇಂಥ ಸುತ್ತುಗಳನ್ನು ಹುಡುಕಲು ಬೇರೆ ಒಂದು ಕಲೆಕ್ಟರ್ ಜೊತೆಗಿದೆ. ನಾನು ಹೇಳಿದ ‘ಬದುಕಿರುವುದರ ಖರ್ಚು’ ಎಣಿಕೆಯ ಪದ್ಧತಿಗೆ ಹಾಗೇ ಅನ್ವಯಿಸುವುದಿಲ್ಲ. ಅಲ್ಲಿ ಪ್ರತಿ ರೆಫರೆನ್ಸ್ ಬದಲಾದಾಗಲೂ ಚಿಲ್ಲರೆ ಚಿಲ್ಲರೆಯಾಗಿ ಖರ್ಚಾಗುತ್ತದೆ. ಅದನ್ನು ಅಲ್ಲಿಗೇ ಬಿಟ್ಟು ಜಾವಾ ಕಡೆ ಬರೋಣ.

ಈಗ ಇಡೀ ವಿಷಯದ ಹೂರಣ. ನಮ್ಮ ಎಪಿಎಂಸಿ ಯಾರ್ಡ್ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಸುಗ್ಗಿಯಲ್ಲಿ ಮೆಕ್ಕೆಜೋಳ ಬಂದು ಬೀಳುತ್ತದೆ. ಸಂಜೆ ಹೊತ್ತಿಗೆ ಮುಕ್ಕಾಲು ಮಾಲು ಹೋಗಿರುತ್ತದೆ, ನೆಲದ ತುಂಬಾ ಸಿಪ್ಪೆ, ಹರಿದ ಚೀಲ. ಉಳಿದಿರುವ ನಾಲ್ಕು ಮೂಟೆಯನ್ನು ಹಮಾಲರು ಎತ್ತಿ ಆಚೆ ಅಂಗಳದಲ್ಲಿ ಸಾಲಾಗಿ ಜೋಡಿಸಿದರು, ಈಚೆ ಅಂಗಳ ಇಡಿಯಾಗಿ ಖಾಲಿ ಅಂತ ಬರೆದುಕೊಂಡರು ಅನ್ನಿ. ಕೂಲಿ ಎಷ್ಟು? ನಾಲ್ಕು ಮೂಟೆಯದ್ದು. ಈಚೆ ಎಷ್ಟು ಕಸ ಬಿದ್ದಿತ್ತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಗುಡಿಸುವ ಅಗತ್ಯವೂ ಇಲ್ಲ, ಹಳೆಯ ಬಿಟ್‌ಗಳ ಮೇಲೆ ಹೊಸದನ್ನು ಬರೆದರೆ ಆಯಿತು. ಇದಕ್ಕೆ ಕಾಪಿಯಿಂಗ್ ಕಲೆಕ್ಟರ್ ಅನ್ನುತ್ತಾರೆ. ಸಿ. ಜೆ. ಚೇನಿ 1970ರಲ್ಲಿ ಇದನ್ನು ಬೇರೆ ಸ್ಟ್ಯಾಕ್ ಕೂಡ ಇಲ್ಲದೆ ಮಾಡುವ ಚೊಕ್ಕ ವಿಧಾನ ಕೊಟ್ಟರು. ಉಳಿದ ಆಬ್ಜೆಕ್ಟ್‌ಗಳು ಒತ್ತೊತ್ತಾಗಿ ಕೂರುವುದರಿಂದ ನಡುವೆ ಹರಕು ಜಾಗವೂ ಉಳಿಯುವುದಿಲ್ಲ. ಆಗಲೇ ಹೇಳಿದ ಗುರುತು ಸರಿಸುವ ಉಪಾಯ ನಡೆಯುವುದು ಇದರಿಂದಲೇ.

ಆದರೆ ಆಚೆ ಅಂಗಳವನ್ನು ಯಾವಾಗಲೂ ಖಾಲಿ ಇಟ್ಟಿರಬೇಕು. ಅಂದರೆ ಅರ್ಧ ಮೆಮರಿ ದಂಡ. ಅದೂ ಅಲ್ಲದೆ ಅಂಗಳದ ತುಂಬಾ ಮಾರದ ಮೂಟೆಯೇ ಇದ್ದರೆ ದಿನಾ ಎತ್ತಿ ಎತ್ತಿ ಸಾಯಬೇಕು. ಇದಕ್ಕೆ ದಾರಿ ಸಿಕ್ಕಿದ್ದು ಒಂದು ಗಮನಿಕೆಯಿಂದ. ಬಹಳಷ್ಟು ಆಬ್ಜೆಕ್ಟ್‌ಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಬೇಡವಾಗುತ್ತವೆ. ಆ ಹೊತ್ತು ದಾಟಿ ಉಳಿದವು ಬಹಳ ಕಾಲ ಉಳಿಯುತ್ತವೆ. ನಮ್ಮ ಬಸ್ ಹುಡುಕಾಟದ ಸ್ಟ್ರಿಂಗ್‌ಗಳು ಮೊದಲ ಗುಂಪು, ಡೇಟಾಬೇಸ್ ಸಂಪರ್ಕ ಎರಡನೆಯ ಗುಂಪು. ಲೀಬರ್‌ಮನ್ ಮತ್ತು ಹ್ಯೂವಿಟ್ 1983ರಲ್ಲಿ, ಡೇವಿಡ್ ಅಂಗರ್ 1984ರಲ್ಲಿ ಇದನ್ನು ಹಿಡಿದು ಹೀಪ್ ಅನ್ನು ತಲೆಮಾರುಗಳಾಗಿ ಒಡೆದರು. ಹೊಸದು ಒಂದು ಕಡೆ, ಹಳೆಯದು ಒಂದು ಕಡೆ. ಹೊಸದನ್ನು ಪದೇಪದೇ ಕಾಪಿ ವಿಧಾನದಲ್ಲಿ ಖಾಲಿ ಮಾಡು, ಹಳೆಯದನ್ನು ಅಪರೂಪಕ್ಕೆ ಮುಟ್ಟು.

ಸಾಮಾನ್ಯವಾಗಿ ಬಳಸುವ ಜಾವಾ ರನ್‌ಟೈಮ್ ಆದ ಹಾಟ್‌ಸ್ಪಾಟ್‌ನಲ್ಲಿ ಹೊಸ ಆಬ್ಜೆಕ್ಟ್‌ಗಳು ಈಡನ್ ಅನ್ನುವ ಜಾಗದಲ್ಲಿ ಹುಟ್ಟುತ್ತವೆ. ಅದು ತುಂಬಿದಾಗ ಬದುಕಿದ್ದವು ಸರ್ವೈವರ್ ಅನ್ನುವ ಸಣ್ಣ ಜಾಗಕ್ಕೆ ಹೋಗುತ್ತವೆ. ಸರ್ವೈವರ್ ಎರಡಿರುತ್ತವೆ, ಒಂದು ಯಾವಾಗಲೂ ಖಾಲಿ. ಪ್ರತಿ ಸಲ ಉಳಿದಾಗಲೂ ಆಬ್ಜೆಕ್ಟ್‌ನ ವಯಸ್ಸು ಒಂದು ಏರುತ್ತದೆ. ಹೆಚ್ಚೆಂದರೆ 15. ಯಾಕೆ 15 ಅಂದರೆ ಆಬ್ಜೆಕ್ಟ್‌ನ ತಲೆಭಾಗದಲ್ಲಿ ವಯಸ್ಸಿಗೆ ಕೊಟ್ಟಿರುವುದು 4 ಬಿಟ್, ಅಷ್ಟೇ. ಅದು ದಾಟಿದರೆ ಹಳೆಯ ತಲೆಮಾರಿಗೆ ಬಡ್ತಿ.

ಒಬ್ಬ ಹುಡುಗ ಇಲ್ಲಿ ಕೈ ಎತ್ತಿದ. “ಮೇಡಂ, ಹಳೆಯ ಆಬ್ಜೆಕ್ಟ್ ಒಂದು ಹೊಸ ಆಬ್ಜೆಕ್ಟ್ ಅನ್ನು ಹಿಡಿದಿದ್ದರೆ? ಹಳೆಯದನ್ನು ನೋಡದೆ ಅದು ಬದುಕಿದೆ ಅಂತ ಹೇಗೆ ಗೊತ್ತಾಗುತ್ತೆ?” ಒಳ್ಳೆಯ ಪ್ರಶ್ನೆ. ಇದಕ್ಕೆ ರನ್‌ಟೈಮ್ ನಿಮ್ಮ ಕೋಡ್‌ನಲ್ಲೇ ಕೈ ಆಡಿಸಿರುತ್ತದೆ. ನೀವು ಯಾವುದೇ ಫೀಲ್ಡ್‌ಗೆ ರೆಫರೆನ್ಸ್ ಬರೆದಾಗ ಜೊತೆಗೆ ಒಂದು ಸಣ್ಣ ಗುರುತು ಹಾಕುವ ಕೋಡ್ ಕೂಡ ಓಡುತ್ತದೆ. ಇದು ರೈಟ್ ಬ್ಯಾರಿಯರ್. ಹಳೆಯ ಭಾಗವನ್ನು 512 ಬೈಟ್‌ಗಳ ಕಾರ್ಡ್‌ಗಳಾಗಿ ಒಡೆದಿರುತ್ತಾರೆ. ಬರೆದ ಜಾಗದ ಕಾರ್ಡ್‌ಗೆ ‘ಕೊಳೆ’ ಅಂತ ಗುರುತು ಬೀಳುತ್ತದೆ. ಹೊಸ ಭಾಗವನ್ನು ಖಾಲಿ ಮಾಡುವಾಗ ಆ ಕಾರ್ಡ್‌ಗಳನ್ನು ಮಾತ್ರ ನೋಡಿದರೆ ಸಾಕು. ಜಿಸಿಯ ಖರ್ಚಿನ ಒಂದು ಪಾಲನ್ನು ನಿಮ್ಮದೇ ಥ್ರೆಡ್ ಪ್ರತಿ ಬರವಣಿಗೆಯಲ್ಲೂ ಹೀಗೆ ಕಟ್ಟುತ್ತಿರುತ್ತದೆ. ಲಾಗ್‌ನಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ತಲೆಮಾರಿನ ಲೆಕ್ಕಾಚಾರ ಕೆಡುವುದು ಮಧ್ಯವಯಸ್ಸಿನ ಆಬ್ಜೆಕ್ಟ್‌ಗಳಿಂದ. ಬೇಗ ಸಾಯುವುದೂ ಇಲ್ಲ, ಕೊನೆವರೆಗೆ ಇರುವುದೂ ಇಲ್ಲ. ಬಸ್‌ಗಳ ಪಟ್ಟಿಯನ್ನು ಹತ್ತು ನಿಮಿಷ ಕ್ಯಾಶ್‌ನಲ್ಲಿ, ಅಂದರೆ ಮತ್ತೆ ತರುವುದು ತಪ್ಪಲಿ ಅಂತ ಮೆಮರಿಯಲ್ಲೇ, ಇಟ್ಟುಕೊಳ್ಳೋಣ ಅಂತ ಯಾರೋ ಬುದ್ಧಿವಂತರು ಹೇಳುತ್ತಾರೆ. ಆ ಪಟ್ಟಿ ಸರ್ವೈವರ್‌ನಲ್ಲಿ ಅತ್ತಿಂದಿತ್ತ ಹದಿನೈದು ಸಲ ಕಾಪಿಯಾಗಿ, ಹಳೆಯ ಭಾಗಕ್ಕೆ ಬಡ್ತಿ ಪಡೆದು, ಅಲ್ಲಿಗೆ ಹೋದ ಸ್ವಲ್ಪ ಹೊತ್ತಿಗೆ ಕಸವಾಗುತ್ತದೆ. ಕಾಪಿಯ ಖರ್ಚು ಪೂರ್ತಿ ಕಟ್ಟಿದ್ದಾಯಿತು, ಲಾಭ ಏನೂ ಬರಲಿಲ್ಲ, ಮೇಲೆ ಹಳೆಯ ಭಾಗವೂ ಬೇಗ ತುಂಬಿತು. ಕ್ಯಾಶ್ ಬೇಡ ಅಂತ ನಾನು ಹೇಳುತ್ತಿಲ್ಲ. ಡೇಟಾಬೇಸ್‌ಗೆ ಹೋಗುವ ಖರ್ಚು ಇದಕ್ಕಿಂತ ಜಾಸ್ತಿ ಇರಬಹುದು. ಆದರೆ ಕ್ಯಾಶ್ ಅಂದರೆ ಪುಕ್ಕಟೆ ಅಂದುಕೊಂಡು ಎಲ್ಲದಕ್ಕೂ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ವೇದಿಕೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡಿಸಿ ತೋರಿಸಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಅದೇ ಬಸ್ ಹುಡುಕಾಟ. ಹುಡುಕಿದ್ದನ್ನು ಒಂದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್‌ನಲ್ಲಿ, ಅಂದರೆ ಕೀ ಕೊಟ್ಟರೆ ಅದಕ್ಕೆ ಸೇರಿದ್ದನ್ನು ತೆಗೆದುಕೊಡುವ ಪಟ್ಟಿಯಲ್ಲಿ, ಇಡುತ್ತದೆ. ಕೀ ಅಂತ ಒಂದು ಕ್ಲಾಸ್, ಅದರಲ್ಲಿ ಹೊರಡುವ ಊರು, ತಲುಪುವ ಊರು, ತಾರೀಖು. ಹೀಪ್ 256 ಎಂಬಿ ಅಂತ ಕಟ್ಟಿಹಾಕಿದೆ, ಸೀರಿಯಲ್ ಅನ್ನುವ ಹಳೆಯ, ಸರಳ ಕಲೆಕ್ಟರ್ ಆರಿಸಿದೆ, ಜಿಸಿ ಲಾಗ್ ಆನ್ ಮಾಡಿದೆ. ಶುರುವಿನಲ್ಲಿ ಬಂದ ಒಂದು ಸಾಲು ಹೀಗಿತ್ತು: ‘ಪಾಝ್ ಯಂಗ್, 131ಎಂ ಇಂದ 64ಎಂ, 247ಎಂ, 3.9 ಮಿಲಿಸೆಕೆಂಡ್’. ಅಂದರೆ ಜಿಸಿಗೆ ಮೊದಲು 131 ಎಂಬಿ ತುಂಬಿತ್ತು, ಆದ ಮೇಲೆ 64 ಉಳಿಯಿತು, ಪ್ರೋಗ್ರಾಂ ನಿಂತದ್ದು ನಾಲ್ಕು ಮಿಲಿಸೆಕೆಂಡಿನೊಳಗೆ. 256 ಕೊಟ್ಟರೆ 247 ಯಾಕೆ ತೋರಿಸುತ್ತಿದೆ? ಒಂದು ಸರ್ವೈವರ್ ಯಾವಾಗಲೂ ಖಾಲಿ ಅಂದೆನಲ್ಲ, ಅದನ್ನು ಲೆಕ್ಕದಿಂದ ಬಿಟ್ಟಿದ್ದಾರೆ. ಹೊಸ ಭಾಗ ಒಟ್ಟು ಹೀಪ್‌ನ ಮೂರನೇ ಒಂದು, ಅಂದರೆ ಸುಮಾರು 85. ಅದರಲ್ಲಿ ಹತ್ತನೇ ಒಂದು ಪಾಲು ಒಂದು ಸರ್ವೈವರ್, ಎಂಟೂವರೆ. ಕಳೆದು ನೋಡಿ, ತಾಳೆಯಾಗುತ್ತದೆ.

ಪ್ರೋಗ್ರಾಂ ಓಡುತ್ತ ಹೋದಂತೆ ‘ಪಾಝ್ ಫುಲ್’ ಅನ್ನುವ ಸಾಲುಗಳು ಬರತೊಡಗಿದವು. ಮೊದಲನೆಯದು 240ರಿಂದ 94ಕ್ಕೆ ಇಳಿಯಿತು. ಮುಂದಿನದು 243ರಿಂದ 148ಕ್ಕೆ. ಆಮೇಲೆ 245ರಿಂದ 203ಕ್ಕೆ. ಪ್ರತಿ ಸಲವೂ ಹಿಂದಿನದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಇಲ್ಲಿ ಎಡಗಡೆಯ ಅಂಕಿಯನ್ನು ನೋಡಬೇಡಿ, ಅದು ಯಾವಾಗಲೂ ಮೇಲೇ ಇರುತ್ತದೆ. ಹೀಪ್ ತುಂಬಿದಾಗ ತಾನೇ ಜಿಸಿ ಬರುವುದು! ಬಲಗಡೆಯದು ನೋಡಿ. ಫುಲ್ ಜಿಸಿ ಆದ ಮೇಲೂ ಉಳಿದದ್ದು 94, 148, 203. ತಳವೇ ಮೇಲೇರುತ್ತಿದೆ. ಕಸ ಕಡಿಮೆಯಾಗುತ್ತ, ಬದುಕಿರುವುದು ಹೆಚ್ಚಾಗುತ್ತ ಹೋದಂತೆ ಜಿಸಿಯ ಸಮಯ ಏರುತ್ತಿದೆ. ಕೊನೆಗೆ ಫುಲ್ ಜಿಸಿಗಳು ಒಂದರ ಹಿಂದೆ ಒಂದು ಬಂದವು, ಕೆಲಸ ಏನೂ ಸಾಗಲಿಲ್ಲ, ‘ಔಟ್ ಆಫ್ ಮೆಮರಿ ಎರರ್, ಜಾವಾ ಹೀಪ್ ಸ್ಪೇಸ್’ ಅಂತ ಬಿತ್ತು.

ಇದನ್ನು ನೋಡಿದವರು ಸಾಮಾನ್ಯವಾಗಿ ‘ಜಿಸಿ ಪ್ರಾಬ್ಲಂ’ ಅನ್ನುತ್ತಾರೆ. ಜಿಸಿ ಟ್ಯೂನ್ ಮಾಡಲು ಇಪ್ಪತ್ತು ಫ್ಲ್ಯಾಗ್ ಹುಡುಕಿ ಹಾಕುತ್ತಾರೆ. ನಾವು ಜೆಕಮಾಂಡ್ ಅನ್ನುವ ಟೂಲ್‌ನಲ್ಲಿ ಕ್ಲಾಸ್ ಹಿಸ್ಟೋಗ್ರಾಂ ತೆಗೆದೆವು. ಯಾವ ಕ್ಲಾಸ್‌ನ ಎಷ್ಟು ಆಬ್ಜೆಕ್ಟ್ ಬದುಕಿವೆ ಅಂತ ಅದು ತೋರಿಸುತ್ತದೆ. ಮೇಲ್ಗಡೆ ಸ್ಟ್ರಿಂಗ್, ಬೈಟ್ ಅರೇ ಇರುತ್ತವೆ, ಅವು ಎಲ್ಲ ಕಡೆಯೂ ಇರುತ್ತವೆ, ಬಿಡಿ. ಅದರ ಕೆಳಗೆ ನಮ್ಮ ಕೀ ಕ್ಲಾಸ್ ಲಕ್ಷಗಟ್ಟಲೆ ಕೂತಿತ್ತು. ಇರುವುದು ಕೆಲವೇ ಊರು, ಕೆಲವೇ ತಾರೀಖು. ಲಕ್ಷ ಕೀ ಎಲ್ಲಿಂದ ಬಂತು? ಎರಡು ಕೀಗಳು ಒಂದೇ ಹೌದೋ ಅಲ್ಲವೋ ಅಂತ ತಿಳಿಯಲು ಬೇಕಾದ ಈಕ್ವಲ್ಸ್, ಹ್ಯಾಶ್‌ಕೋಡ್ ಅನ್ನುವ ಎರಡು ಮೆಥಡ್‌ಗಳನ್ನೂ ಕೀ ಕ್ಲಾಸ್‌ನಲ್ಲಿ ಬರೆದಿರಲಿಲ್ಲ, ಬೇಕಂತಲೇ. ಅವಿಲ್ಲದಿದ್ದರೆ ‘ದಾವಣಗೆರೆ, ಬೆಂಗಳೂರು, ಶನಿವಾರ’ ಅನ್ನುವ ಎರಡು ಕೀಗಳು ಜಾವಾದ ಕಣ್ಣಿಗೆ ಬೇರೆ ಬೇರೆ. ಪ್ರತಿ ಹುಡುಕಾಟಕ್ಕೂ ಮ್ಯಾಪ್‌ಗೆ ಹೊಸದೊಂದು ಸೇರುತ್ತದೆ, ಹಳೆಯದು ಎಂದೂ ಸಿಗುವುದಿಲ್ಲ. ಸ್ಟ್ಯಾಟಿಕ್ ಫೀಲ್ಡ್ ಒಂದು ರೂಟ್. ಅಲ್ಲಿಂದ ಮ್ಯಾಪ್‌ಗೆ ದಾರಿ, ಮ್ಯಾಪ್‌ನಿಂದ ಪ್ರತಿ ಕೀಗೆ, ಪ್ರತಿ ಪಟ್ಟಿಗೆ, ಪ್ರತಿ ಸೀಟಿಗೆ ದಾರಿ. ಕಲೆಕ್ಟರ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ. ಯಾರಿಗೂ ಬೇಡದ ಲಕ್ಷಾಂತರ ಆಬ್ಜೆಕ್ಟ್‌ಗಳನ್ನು ಒಂದೂ ಬಿಡದೆ ಕಾಪಾಡುತ್ತಿದೆ! ಆ ಎರಡು ಮೆಥಡ್ ಸೇರಿಸಿ ಮತ್ತೆ ಓಡಿಸಿದರೆ ತಳ ಒಂದೇ ಕಡೆ ನಿಂತಿತು.

ಇನ್ನು ‘ಎಲ್ಲ ನಿಲ್ಲಿಸಿ’ ಅನ್ನುವ ಕಾಟ. ಹೀಪ್ ದೊಡ್ಡದಾದಂತೆ, ಬದುಕಿರುವುದು ಗಿಗಾಬೈಟ್‌ಗಟ್ಟಲೆ ಆದಂತೆ, ಎಲ್ಲ ಥ್ರೆಡ್ ನಿಲ್ಲಿಸಿ ನಡೆದಾಡುವುದು ಸೆಕೆಂಡುಗಟ್ಟಲೆ ಹಿಡಿಯಬಹುದು. ಹಾಗಾದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಪಕ್ಕದಲ್ಲಿ ಗುರುತು ಹಾಕಿದರೆ ಆಗದೇ? ಆಗುತ್ತದೆ, ಆದರೆ ಅಲ್ಲೊಂದು ಗುಂಡಿ ಇದೆ. 1978ರಲ್ಲಿ ಡೈಕ್‌ಸ್ಟ್ರಾ, ಲ್ಯಾಂಪೋರ್ಟ್ ಮತ್ತಿತರರು ಇದನ್ನು ಮೂರು ಬಣ್ಣದಲ್ಲಿ ವಿವರಿಸಿದರು. ಇನ್ನೂ ಮುಟ್ಟದ್ದು ಬಿಳಿ. ಮುಟ್ಟಿದೆ, ಒಳಗೆ ಇನ್ನೂ ನೋಡಿಲ್ಲ ಅನ್ನುವುದು ಬೂದು. ಪೂರ್ತಿ ನೋಡಿ ಮುಗಿಸಿದ್ದು ಕಪ್ಪು. ಕೊನೆಗೆ ಬಿಳಿಯಾಗಿ ಉಳಿದದ್ದು ಕಸ. ಈಗ ಕಲೆಕ್ಟರ್ ಒಂದು ಕಪ್ಪು ಆಬ್ಜೆಕ್ಟ್ ಅನ್ನು ಮುಗಿಸಿ ಮುಂದೆ ಹೋಗಿದೆ. ಅಷ್ಟರಲ್ಲಿ ನಿಮ್ಮ ಥ್ರೆಡ್ ಒಂದು ಬಿಳಿ ಆಬ್ಜೆಕ್ಟ್‌ನ ರೆಫರೆನ್ಸ್ ಅನ್ನು ಬೂದು ಆಬ್ಜೆಕ್ಟ್‌ನಿಂದ ಕಿತ್ತು ಆ ಕಪ್ಪಿನೊಳಗೆ ಇಟ್ಟಿತು. ಕಲೆಕ್ಟರ್ ಕಪ್ಪಿನ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಬೂದು ಆಬ್ಜೆಕ್ಟ್‌ನಲ್ಲಿ ಅದು ಈಗ ಇಲ್ಲ. ಬದುಕಿರುವ ಆಬ್ಜೆಕ್ಟ್ ಬಿಳಿಯಾಗೇ ಉಳಿದು ಕಸಕ್ಕೆ ಹೋಯಿತು. ಕಸ ಸ್ವಲ್ಪ ಉಳಿದರೆ ಪರವಾಗಿಲ್ಲ, ಬದುಕಿರುವುದು ಹೋದರೆ ಪ್ರೋಗ್ರಾಂ ಕೆಟ್ಟಿತು. ಅದಕ್ಕೇ ಇಲ್ಲೂ ಬ್ಯಾರಿಯರ್ ಬೇಕು. ರೆಫರೆನ್ಸ್ ಬರೆಯುವ ಪ್ರತಿ ಕಡೆ ‘ನಾನು ಇದನ್ನು ಇಲ್ಲಿಗೆ ಸರಿಸಿದೆ, ನೋಡ್ಕೊಳ್ಳಪ್ಪ’ ಅಂತ ಕಲೆಕ್ಟರ್‌ಗೆ ಹೇಳುವ ಕೋಡ್.

ಜಾವಾದ ಈಚಿನ ಕಥೆಯೆಲ್ಲ ಈ ಕೆಲಸವನ್ನು ಇನ್ನೂ ಎಷ್ಟು ಪಕ್ಕಕ್ಕೆ ಸರಿಸಬಹುದು ಅನ್ನುವುದೇ. 2017ರ ಜಾವಾ 9ರಿಂದ ಜಿ1 ಅನ್ನುವ ಕಲೆಕ್ಟರ್ ಡಿಫಾಲ್ಟ್. ಅದು ಹೀಪ್ ಅನ್ನು ಸಾಮಾನ್ಯವಾಗಿ 1ರಿಂದ 32 ಎಂಬಿಯ ತುಂಡುಗಳಾಗಿ ಒಡೆದು, ಜಾಸ್ತಿ ಕಸ ಇರುವ ತುಂಡುಗಳನ್ನು ಮೊದಲು ಹಿಡಿಯುತ್ತದೆ. 200 ಮಿಲಿಸೆಕೆಂಡ್ ಮೀರದಂತೆ ನಿಲ್ಲಲು ನೋಡುತ್ತದೆ. ಗುರಿ ಅಷ್ಟೇ, ಗ್ಯಾರಂಟಿ ಅಲ್ಲ. ಝಡ್‌ಜಿಸಿ ಅನ್ನುವ ಇನ್ನೊಂದು ಕಲೆಕ್ಟರ್ 2018ರ ಜಾವಾ 11ರಲ್ಲಿ ಪ್ರಯೋಗಕ್ಕೆ ಬಂತು, 2020ರ ಜಾವಾ 15ರಲ್ಲಿ ಬಳಕೆಗೆ ಸಿದ್ಧವಾಯಿತು. ಅದು ಆಬ್ಜೆಕ್ಟ್‌ಗಳನ್ನು ಜಾಗ ಬದಲಿಸುವುದನ್ನೂ ಪ್ರೋಗ್ರಾಂ ಓಡುವಾಗಲೇ ಮಾಡುತ್ತದೆ. ನಿಲ್ಲಿಸುವ ಹೊತ್ತು ಒಂದು ಮಿಲಿಸೆಕೆಂಡಿನ ಒಳಗೆ ಇರಬೇಕು ಅನ್ನುವುದು ಅದರ ಗುರಿ. ಬದಲಿಗೆ ನಿಮ್ಮ ಥ್ರೆಡ್ ಹೀಪ್‌ನಿಂದ ರೆಫರೆನ್ಸ್ ಓದುವಾಗಲೆಲ್ಲ ಒಂದು ತಪಾಸಣೆ, ಪಕ್ಕದಲ್ಲಿ ಓಡುವ ಜಿಸಿ ಥ್ರೆಡ್‌ಗಳಿಗೆ ಸಿಪಿಯು, ಜೊತೆಗೆ ಕೈಯಾಡಿಸಲು ಹೆಚ್ಚಿನ ಮೆಮರಿ. ಕೆಲಸ ಮಾಯವಾಗಿಲ್ಲ, ಬಿಲ್ ಬೇರೆ ಕಡೆ ಬಂತು ಅಷ್ಟೇ.

ಮೊಬೈಲಿನಲ್ಲೂ ಇದೇ ಕಥೆ. ಹಳೆಯ ಆಂಡ್ರಾಯ್ಡ್ ಫೋನ್‌ಗಳು ಸ್ಕ್ರೋಲ್ ಮಾಡುವಾಗ ಗಕ್ಕನೆ ನಿಂತು ಹೋಗುತ್ತಿದ್ದುದು ನೆನಪಿದೆಯಾ? ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಅದರೊಳಗೆ ಜಿಸಿ ಬಂದು ಕೂತರೆ ಚಿತ್ರ ತಪ್ಪಿತು. 2014ರ ಆಂಡ್ರಾಯ್ಡ್ 5ರಲ್ಲಿ ಡಾಲ್ವಿಕ್ ಅನ್ನುವ ಹಳೆಯ ರನ್‌ಟೈಮ್ ಹೋಗಿ ಎಆರ್‌ಟಿ ಬಂದಾಗ ಇದು ತುಂಬಾ ಸುಧಾರಿಸಿತು.

ನನ್ನ ಮಾತಿಗೆ ಒಳ್ಳೆಯ ಸಾಕ್ಷಿ ಡಿಸ್ಕಾರ್ಡ್ ಅನ್ನುವ ಚಾಟ್ ಕಂಪನಿ 2020ರಲ್ಲಿ ತಾನೇ ಬರೆದು ಹಾಕಿದ ಅನುಭವ. ಯಾರು ಯಾವ ಮೆಸೇಜ್‌ವರೆಗೆ ಓದಿದ್ದಾರೆ ಅಂತ ನೆನಪಿಡುವ ಅವರ ಒಂದು ಸರ್ವಿಸ್ ಗೋ ಭಾಷೆಯಲ್ಲಿತ್ತು. ಕೋಡ್ ಅನ್ನು ಚೆನ್ನಾಗಿ ಬರೆದಿದ್ದರು, ಕಸ ತೀರಾ ಕಡಿಮೆ. ಆದರೂ ಪ್ರತಿ ಎರಡು ನಿಮಿಷಕ್ಕೊಮ್ಮೆ ಉತ್ತರ ಕೊಡುವುದು ತಡವಾಗುತ್ತಿತ್ತು. ಕಾರಣ ಹುಡುಕಿದರೆ, ಕಸ ಇರಲಿ ಬಿಡಲಿ ಗೋ ರನ್‌ಟೈಮ್ ಕನಿಷ್ಠ ಎರಡು ನಿಮಿಷಕ್ಕೊಮ್ಮೆ ಜಿಸಿ ಓಡಿಸುತ್ತದೆ. ಓಡಿದಾಗ ಅವರ ಭಾರಿ ಕ್ಯಾಶ್ ಅನ್ನು ಪೂರ್ತಿ ನಡೆದು ನೋಡಬೇಕಿತ್ತು, ಅದೆಲ್ಲ ಬದುಕಿದೆ ಅಂತ ಖಾತ್ರಿ ಮಾಡಿಕೊಳ್ಳಲು. ಕ್ಯಾಶ್ ಚಿಕ್ಕದು ಮಾಡಿದರೆ ಜಿಸಿಯ ತಡ ಕಡಿಮೆಯಾಯಿತು, ಡೇಟಾಬೇಸ್‌ಗೆ ಹೋಗುವುದು ಹೆಚ್ಚಾಯಿತು. ಕೊನೆಗೆ ಆ ಸರ್ವಿಸ್ ಅನ್ನು ರಸ್ಟ್‌ನಲ್ಲಿ ಬರೆದರು. ರಸ್ಟ್‌ನಲ್ಲಿ ಜಿಸಿಯೇ ಇಲ್ಲ, ಯಾವುದನ್ನು ಯಾವಾಗ ಬಿಡಬೇಕು ಅಂತ ಕಂಪೈಲರ್ ಮೊದಲೇ ತೀರ್ಮಾನಿಸುತ್ತದೆ. ಇದನ್ನು ಓದಿ ‘ಗೋ ಕೆಟ್ಟದ್ದು’ ಅಂತ ಹೇಳಿಕೊಂಡು ತಿರುಗಿದವರೂ ಇದ್ದಾರೆ. ಕೋಟಿಗಟ್ಟಲೆ ಎಂಟ್ರಿಯ ಕ್ಯಾಶ್ ಇಲ್ಲದವರಿಗೆ ಆ ಮಾತು ಬೇಕಾಗಿಲ್ಲ.

ಹಾಗಾದರೆ ಜಿಸಿ ಒಟ್ಟಾರೆ ಎಷ್ಟು ದುಬಾರಿ? ಮ್ಯಾಥ್ಯೂ ಹರ್ಟ್ಜ್ ಮತ್ತು ಎಮರಿ ಬರ್ಗರ್ 2005ರಲ್ಲಿ ಅಳೆದು ನೋಡಿದ್ದರು. ಕೈಯಾರೆ ಫ್ರೀ ಮಾಡುವ ಪ್ರೋಗ್ರಾಂಗೆ ಬೇಕಾದಷ್ಟರ ಐದು ಪಟ್ಟು ಮೆಮರಿ ಕೊಟ್ಟರೆ ಜಿಸಿ ಅದಕ್ಕೆ ಸರಿಸಮ ಓಡುತ್ತದೆ. ಮೂರು ಪಟ್ಟು ಕೊಟ್ಟರೆ ಸರಾಸರಿ ಶೇ. 17 ನಿಧಾನ. ಎರಡೇ ಪಟ್ಟು ಅಂದರೆ ಹೆಚ್ಚುಕಡಿಮೆ ಶೇ. 70 ನಿಧಾನ. ಹಳೆಯ ಅಳತೆ, ಆಗಿನ ಕಲೆಕ್ಟರ್‌ಗಳು ಬೇರೆ. ಆದರೆ ಗೆರೆಯ ಆಕಾರ ಈಗಲೂ ಹಾಗೇ. ಬದುಕಿರುವುದು ಅಷ್ಟೇ ಇದ್ದು ಹೀಪ್ ದೊಡ್ಡದಾದರೆ ಜಿಸಿ ಅಪರೂಪಕ್ಕೆ ಬರುತ್ತದೆ, ಪ್ರತಿ ಸಲದ ಖರ್ಚು ಅಷ್ಟೇ ಇರುತ್ತದೆ. ಅದಕ್ಕೇ ಸಣ್ಣ ಸರ್ವರ್‌ನಲ್ಲಿ ಜಾವಾ ಹಾಕಿ ಬೈಯುವವರಿಗೆ ಒಂದು ಮಾತು. ನೀವೇನೂ ಹೇಳದಿದ್ದರೆ ಜಾವಾ ತೆಗೆದುಕೊಳ್ಳುವುದು ಮಶೀನಿನ ಮೆಮರಿಯ ನಾಲ್ಕನೇ ಒಂದು ಪಾಲು. 1 ಜಿಬಿ ಸರ್ವರ್‌ನಲ್ಲಿ ಅದು 256 ಎಂಬಿ. ಜಾವಾ 17, 21ರಲ್ಲಿ ಪ್ರೊಸೆಸರ್ ಒಂದೇ ಇದ್ದರೆ ಅಥವಾ ಮೆಮರಿ ಸುಮಾರು 1792 ಎಂಬಿಗಿಂತ ಕಡಿಮೆ ಇದ್ದರೆ ಅದು ಜಿ1 ಅನ್ನು ಬಿಟ್ಟು ಸೀರಿಯಲ್ ಅನ್ನೇ ಆರಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿದ್ದು ಅಲ್ಲಿ ಯಾಕೆ ಕುಂಟುತ್ತದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ನೋಡಿ.

ಮಾತು ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ಬಂತು, ಪ್ರಶ್ನೆಗಳೂ ಬಂದವು. “ಕೆಲಸ ಆದ ಮೇಲೆ ವೇರಿಯಬಲ್‌ಗೆ ನಲ್ ಹಾಕಿದ್ರೆ ಬೇಗ ಕ್ಲೀನ್ ಆಗುತ್ತಾ ಮೇಡಂ?” ಲೋಕಲ್ ವೇರಿಯಬಲ್‌ಗೆ ಬೇಕಾಗಿಲ್ಲ. ಅದನ್ನು ಮುಂದೆ ಯಾರೂ ಓದುವುದಿಲ್ಲ ಅಂತ, ಓಡುವಾಗಲೇ ಕೋಡ್ ಅನ್ನು ಮಶೀನಿನ ಭಾಷೆಗೆ ತಿರುಗಿಸುವ ಜಿಟ್ ಕಂಪೈಲರ್‌ಗೆ ಗೊತ್ತಾಗುತ್ತದೆ. ಆದರೆ ಬಹಳ ಕಾಲ ಇರುವ ಅರೇಯನ್ನು ನೀವೇ ನಿಭಾಯಿಸುತ್ತಿದ್ದರೆ ಹಾಕಬೇಕು. ಜಾವಾದ ಅರೇಲಿಸ್ಟ್ ಕೂಡ ರಿಮೂವ್ ಮಾಡಿದಾಗ ಖಾಲಿಯಾದ ಕೊನೆಯ ಜಾಗಕ್ಕೆ ನಲ್ ಬರೆಯುತ್ತದೆ.

“ಸಿಸ್ಟಂ ಡಾಟ್ ಜಿಸಿ ಕರೆದರೆ?” ಸಾಮಾನ್ಯವಾಗಿ ಒಂದು ಫುಲ್ ಜಿಸಿ ಮೈಮೇಲೆ ಎಳೆದುಕೊಂಡಂತೆ. ಬಹಳ ಕಡೆ ಅದನ್ನು ಫ್ಲ್ಯಾಗ್ ಹಾಕಿ ನಿಷ್ಕ್ರಿಯ ಮಾಡಿಯೇ ಇಟ್ಟಿರುತ್ತಾರೆ. ಒಳ್ಳೆಯದೇ ಮಾಡುತ್ತಾರೆ.

“ಫೈಲ್, ಡೇಟಾಬೇಸ್ ಕನೆಕ್ಷನ್ ಅನ್ನೂ ಜಿಸಿ ಮುಚ್ಚುತ್ತದಾ?” ಅದನ್ನು ನಂಬಬೇಡಿ. ಜಿಸಿ ಬರುವುದು ಮೆಮರಿ ತುಂಬಿದಾಗ. ಮೆಮರಿ ತುಂಬುವ ಮೊದಲೇ ಕನೆಕ್ಷನ್‌ಗಳು ಮುಗಿದು ಹೋಗಿರುತ್ತವೆ. ಆಬ್ಜೆಕ್ಟ್ ಸಾಯುವಾಗ ಓಡುವ ಫೈನಲೈಸ್ ಮೆಥಡ್ ಅನ್ನು ಜಾವಾ 9ರಲ್ಲೇ ಹಳತು ಅಂತ ಗುರುತು ಮಾಡಿದರು, ಜಾವಾ 18ರಲ್ಲಿ ತೆಗೆದುಹಾಕುವ ಪಟ್ಟಿಗೆ ಸೇರಿಸಿದರು. ಟ್ರೈ ವಿತ್ ರಿಸೋರ್ಸಸ್ ಬರೆಯಿರಿ, ಬ್ರೇಸ್ ಮುಗಿದ ಕಡೆ ತಾನೇ ಮುಚ್ಚಿಕೊಳ್ಳುತ್ತದೆ.

ಕೊನೆಯಲ್ಲಿ ಒಬ್ಬಳು ಕೇಳಿದಳು, ಜಿಸಿಯೇ ಬೇಡ ಅಂತ ಆಫ್ ಮಾಡಬಹುದಾ ಅಂತ. ಮಾಡಬಹುದು. ಜಾವಾ 11ರಿಂದ ಎಪ್ಸಿಲಾನ್ ಅನ್ನುವ ಕಲೆಕ್ಟರ್ ಇದೆ. ಆಬ್ಜೆಕ್ಟ್ ಹುಟ್ಟಿಸುತ್ತ ಹೋಗುತ್ತದೆ, ಒಂದನ್ನೂ ತೆಗೆಯುವುದಿಲ್ಲ, ಹೀಪ್ ಮುಗಿದಾಗ ಪ್ರೋಗ್ರಾಂ ನಿಲ್ಲುತ್ತದೆ. ಎರಡು ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ, ಅಥವಾ ನಿಮ್ಮ ಕೋಡ್ ಎಷ್ಟು ಮೆಮರಿ ಬೇಡುತ್ತದೆ ಅಂತ ಅಳೆಯಲು ಚೆನ್ನಾಗಿದೆ. ನಿಮ್ಮ ಲ್ಯಾಬ್ ಪ್ರೋಗ್ರಾಂ ಒಂದನ್ನು ಅದರಲ್ಲಿ ಓಡಿಸಿ ನೋಡಿ. ಇಂಟ್ ಅರೇ ಬದಲು ಇಂಟೀಜರ್‌ಗಳ ಲಿಸ್ಟ್ ಹಾಕಿದ್ದರೆ ಬೇಗ ಬೀಳುತ್ತದೆ. ಒಂದು ಇಂಟ್‌ಗೆ 4 ಬೈಟ್, ಇಂಟೀಜರ್ ಆಬ್ಜೆಕ್ಟ್‌ಗೆ ಸಾಮಾನ್ಯವಾಗಿ 16, ಅದರ ಮೇಲೆ ಲಿಸ್ಟ್‌ನಲ್ಲಿ ಅದರ ರೆಫರೆನ್ಸ್‌ಗೆ ಇನ್ನೂ 4.